ಬಾಡಿಗೆ ಮೀಮಾಂಸೆ: ಟೋಕಿಯೊ ಪರಿಸರದ ಇಂಗ್ಲಿಷ್ ಮೇಷ್ಟ್ರ ವಸತಿ ಸಂಕಥನದ ಬಹುಮುಖಿ ನೆಲೆಗಳು

ಪ್ರಾಕ್ಕಥನ

ಯಾವುದೇ ಅಧ್ಯಯನಕ್ಕೆ ಒಂದು ಅಗತ್ಯ ಇರಬೇಕು, ಅಗತ್ಯ ಇಲ್ಲದಿದ್ದರೆ ಒಂದು ಪರಿಪ್ರೇಕ್ಷ್ಯವಾದರೂ ಇರಬೇಕು ಎಂಬುದು ನಮ್ಮ ವಿಚಾರ ಸಂಕಿರಣಗಳ ಸರ್ವಸಮ್ಮತ ನಿಲುವು. ಪ್ರಸ್ತುತ ಪ್ರಬಂಧಕ್ಕೆ ಎರಡೂ ಇವೆ. ಟೋಕಿಯೊ ಮತ್ತು ಅದರ ಸೆರಗಿಗೆ ಅಂಟಿಕೊಂಡ ಸೈತಾಮಾ, ಚಿಬಾ ಪ್ರಾಂತಗಳ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಹೇಳಿಕೊಡಲು ಹೊರದೇಶದಿಂದ ಬಂದ ಮೇಷ್ಟ್ರು ಎಲ್ಲಿ ಮಲಗುತ್ತಾನೆ, ಮಲಗಲು ಎಷ್ಟು ತೆರುತ್ತಾನೆ, ತೆತ್ತ ಮೇಲೆ ಊಟಕ್ಕೇನು ಉಳಿಯುತ್ತದೆ ಎಂಬ ವಿಷಯದಲ್ಲಿ ನಾನು ಕಂಡ ಚಿಂತನೆಯೆಲ್ಲ ಒಂದು ಸ್ಲೈಡಿನಷ್ಟು. ನಮ್ಮನ್ನು ಶಾಲೆಗಳಿಗೆ ಕಳಿಸುವ ಏಜೆನ್ಸಿಯ ತರಬೇತಿಯಲ್ಲಿ ಸೂಟುಧಾರಿ ಮಹನೀಯರೊಬ್ಬರು ಅದನ್ನು ಪರದೆಯ ಮೇಲೆ ಬಿಟ್ಟರು. ಒಂದು ವೃತ್ತ, ಅದರೊಳಗೆ ಬಣ್ಣದ ಹೋಳುಗಳು: ಬಾಡಿಗೆ, ಊಟ, ಫೋನು, ಉಳಿತಾಯ. ಉಳಿತಾಯದ ಹೋಳಿಗೆ ಹಸಿರು ಬಣ್ಣ, ಗಾತ್ರವೂ ಧಾರಾಳ. ‘ಶಿಸ್ತು ಇದ್ದರೆ ಆಗುತ್ತೆ’ ಎಂದು ಅವರು ನಕ್ಕರು.

ಆ ನಗೆಗೆ ಉತ್ತರವಾಗಿ ಈ ಪ್ರಬಂಧ. ಯಾವ ವಿದ್ವತ್ ಪತ್ರಿಕೆಯೂ ಇದನ್ನು ತೆಗೆದುಕೊಂಡಿಲ್ಲ, ಓದಿದವರಿಗೆ ಬಡ್ತಿಯ ಅಂಕವೂ ದಕ್ಕುವುದಿಲ್ಲ.

1. ದೇಶ-ಕಾಲ: ಒಂದು ತಾತ್ತ್ವಿಕ ಚೌಕಟ್ಟು

ದೇಶವೂ ಕಾಲವೂ ಸಾಪೇಕ್ಷ ಎಂದು ಭೌತವಿಜ್ಞಾನಿಗಳು ಹೇಳಿಬಿಟ್ಟು ಸುಮ್ಮನಾದರು. ಅದನ್ನು ವ್ಯವಹಾರಕ್ಕೆ ಇಳಿಸಿದವರು ಜಪಾನಿನ ಮನೆ ದಲ್ಲಾಳಿಗಳು. ಮೊದಲು ದೇಶ. ಇಲ್ಲಿ ಕೋಣೆಯನ್ನು ಅಳೆಯುವುದು ಜೋ ಎಂಬ ಮಾನದಿಂದ. ಒಂದು ಜೋ ಎಂದರೆ ನೆಲಕ್ಕೆ ಹಾಸುವ ಒಂದು ತತಾಮಿ ಚಾಪೆ. ಜಾಹೀರಾತಿನ ನಿಯಮದ ಪ್ರಕಾರ ಅದು 1.62 ಚದರ ಮೀಟರಿಗೆ ಕಡಿಮೆ ಇರಬಾರದು. ಮೇಷ್ಟ್ರ ಪಾಲಿಗೆ ಬರುವುದು ಆರು ಜೋ. ಅಲ್ಲಿ ಚಾಪೆ ಇರುವುದಿಲ್ಲ, ಮರದಂತೆ ಕಾಣುವ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಚಾಪೆಯ ಪರಿಕಲ್ಪನೆ ಮಾತ್ರ ಸದಾ ಉಪಸ್ಥಿತ. ಹಾಸಿಗೆ ಬಿಡಿಸಿದರೆ ಕೋಣೆ ಮುಗಿಯಿತು, ಮಡಚಿದರೆ ಶುರುವಾಯಿತು. ಅಡುಗೆಮನೆ ಬಾಗಿಲಿಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿದೆ, ಒಲೆ ಒಂದೇ. ಅನ್ನ ಇಳಿಸಿದ ಮೇಲೆ ಸಾರು, ಸಾರು ಇಳಿಸಿದ ಮೇಲೆ ಒಗ್ಗರಣೆ, ಅಷ್ಟರಲ್ಲಿ ಅನ್ನ ಆರಿರುತ್ತದೆ. ಈರುಳ್ಳಿಯನ್ನು ವಾಷಿಂಗ್ ಮಷೀನಿನ ಮುಚ್ಚಳದ ಮೇಲೆ ಹೆಚ್ಚಬೇಕು. ಮಷೀನು ತಿರುಗುತ್ತಿದ್ದರೆ ತಾನಾಗಿಯೇ ಸಣ್ಣಗೆ ಬೀಳುತ್ತದೆ.

ಇನ್ನು ಕಾಲ. ‘ಸ್ಟೇಷನ್ನಿಂದ ನಡೆದು 12 ನಿಮಿಷ’ ಎಂದು ಜಾಹೀರಾತಿನಲ್ಲಿದ್ದರೆ ಅದು ಗಡಿಯಾರದ ನಿಮಿಷವಲ್ಲ. 80 ಮೀಟರಿಗೆ ಒಂದು ನಿಮಿಷ ಎಂದು ನಿಯಮವೇ ಗೊತ್ತುಮಾಡಿದೆ. ಸಿಗ್ನಲ್ಲಿನಲ್ಲಿ ನಿಂತದ್ದು, ರೈಲ್ವೆ ಗೇಟು ಹಾಕಿದ್ದು, ದಿಬ್ಬ ಹತ್ತಿದ್ದು ಇದರೊಳಗೆ ಸೇರುವುದಿಲ್ಲ. ಇಂಥ ನಿಮಿಷಗಳಲ್ಲಿ ಬದುಕುವ ಒಬ್ಬ ಆದರ್ಶ ಬಾಡಿಗೆದಾರ ಎಲ್ಲೋ ಇದ್ದಾನೆ, ಅವನ ಕೈಯಲ್ಲಿ ಅಕ್ಕಿಯ ಚೀಲ ಇರುವುದಿಲ್ಲ.

2. ಕಾಣಿಕೆಗಳ ಸಪ್ತವಿಧ ವರ್ಗೀಕರಣ

ಬಾಡಿಗೆ ತಿಂಗಳಿಗೆ 60,000 ಯೆನ್ ಎಂದು ಇಟ್ಟುಕೊಳ್ಳೋಣ. ರೂಪಾಯಿಯಲ್ಲಿ 35,000ದ ಆಸುಪಾಸು. ಈ ಮೊತ್ತವನ್ನು ಕೊಟ್ಟು ಮನೆಯೊಳಗೆ ಕಾಲಿಡಬಹುದು ಎಂದು ಭಾವಿಸುವುದು ಪೂರ್ವ-ಸೈದ್ಧಾಂತಿಕ ಮುಗ್ಧತೆ. ಪ್ರವೇಶಿಸುವ, ಪ್ರವೇಶಿಸಿ ಉಳಿಯುವ ಕ್ರಿಯಾವಿಧಿ ಏಳು ಬಗೆಯದು.

ಪ್ರತ್ಯಾಗಮನಶೀಲ ಕಾಣಿಕೆ. ಇದರ ಹೆಸರು ಶಿಕಿಕಿನ್, ಅಂದರೆ ನಮ್ಮ ಅಡ್ವಾನ್ಸು. ಒಂದು ತಿಂಗಳದ್ದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಎಣಿಸಿ, ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳದ್ದು ಕಳೆದುಕೊಂಡು ಬಂದವರಿಗೆ ಇದನ್ನು ಕಂಡು ಕಣ್ಣು ತುಂಬಿ ಬರುತ್ತದೆ. ಗೋಡೆಯ ಬಣ್ಣ ಮಾಸಿದ್ದು, ಫ್ರಿಜ್ ಇಟ್ಟ ಜಾಗ ಒತ್ತಿಕೊಂಡದ್ದು ಮುಂತಾದ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು ಏಪ್ರಿಲ್ 2020ರಿಂದ ಜಾರಿಗೆ ಬಂದ ಜಪಾನಿನ ಸಿವಿಲ್ ಸಂಹಿತೆಯ ತಿದ್ದುಪಡಿ ಬರೆದೇ ಹೇಳುತ್ತದೆ. ಕರಾರು ಪತ್ರದ ಕೊನೆಯ ಹಾಳೆಯಲ್ಲಿ, ‘ವಿಶೇಷ ಷರತ್ತು’ ಎಂಬ ಸಣ್ಣಕ್ಷರದ ಭಾಗದಲ್ಲಿ, ಸಾಫು ಮಾಡಿಸುವ ಖರ್ಚು ಬಾಡಿಗೆದಾರನದೇ ಎಂದು ಇನ್ನೊಬ್ಬರು ಬರೆದಿರುತ್ತಾರೆ.

ಅಪ್ರತ್ಯಾಗಮನಶೀಲ ಕಾಣಿಕೆ. ರೇಕಿನ್. ಮನೆ ಕೊಟ್ಟ ಮಹಾನುಭಾವನಿಗೆ ಕೃತಜ್ಞತೆಯಾಗಿ ಒಂದು ತಿಂಗಳ ಬಾಡಿಗೆ. ಇದು ಹಿಂದಿರುಗಿ ಬರುವುದಿಲ್ಲ. ಈಚೆಗೆ ಇದನ್ನು ಕೇಳದ ಮನೆಗಳೂ ಹೆಚ್ಚಾಗಿವೆ, ಅವುಗಳ ಬಾಡಿಗೆಯನ್ನು ಕೂಡಿಸಿ ನೋಡಿದರೆ ಕೃತಜ್ಞತೆ ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ.

ಮಧ್ಯಸ್ಥ ಕಾಣಿಕೆ. ದಲ್ಲಾಳಿಗೆ. ಮಾಲೀಕ ಅರ್ಧ ತಿಂಗಳು, ಬಾಡಿಗೆದಾರ ಅರ್ಧ ತಿಂಗಳು ಎಂಬುದು ಮೂಲ ನಿಯಮ. ಬಾಡಿಗೆದಾರ ಒಪ್ಪಿದರೆ ಪೂರ್ತಿಯನ್ನು ಅವನಿಂದಲೇ ತೆಗೆದುಕೊಳ್ಳಬಹುದು. ಬಾಡಿಗೆದಾರ ಒಪ್ಪಿರುತ್ತಾನೆ. ಅರ್ಜಿಯ ಮೂರನೆಯ ಪುಟದಲ್ಲಿ ಅವನ ಸಹಿ ಇದೆ.

ಆವರ್ತಕ ಕಾಣಿಕೆ. ಟೋಕಿಯೊ ಸುತ್ತಲಿನ ಕಾಂತೋ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಕರಾರು ನವೀಕರಣಕ್ಕೆಂದು ಮತ್ತೆ ಒಂದು ತಿಂಗಳದ್ದು. ಇದ್ದ ಮನೆಯಲ್ಲೇ ಇರುವುದಕ್ಕೆ ದಂಡ. ಇದು ಸರಿಯೇ ಎಂದು ಜನ ಕೋರ್ಟಿಗೆ ಹೋದರು. ಬಾಡಿಗೆಗೆ ಹೋಲಿಸಿದರೆ ತೀರಾ ಅತಿಯಾಗಿರದಿದ್ದರೆ ಸರಿಯೇ ಎಂದು 2011ರಲ್ಲಿ ಜಪಾನಿನ ಸುಪ್ರೀಂ ಕೋರ್ಟು ಹೇಳಿತು.

ಐದನೆಯದು ಬೆಂಕಿ ವಿಮೆ. ಆರನೆಯದು ಹಿಂದಿನವನ ಬೀಗ ಬದಲಿಸಿದ್ದಕ್ಕೆ. ಏಳನೆಯದಕ್ಕೆ ಒಂದು ಸೊಗಸಾದ ಹೆಸರು ಕಟ್ಟಿಟ್ಟಿದ್ದೆ, ಈಗ ಅದನ್ನು ಬರೆಯಲು ಮನಸ್ಸಿಲ್ಲ. ನವೀಕರಣದ್ದನ್ನು ಬಿಟ್ಟು, ಮೊದಲ ತಿಂಗಳ ಬಾಡಿಗೆಯನ್ನು ಸೇರಿಸಿ ಎಲ್ಲ ಕೂಡಿಸಿದರೆ ಮೂರು ಲಕ್ಷ ಯೆನ್ ದಾಟುತ್ತದೆ, ಐದು ತಿಂಗಳ ಬಾಡಿಗೆಗೂ ಮೇಲೆ. ನಮ್ಮಂಥವರ ತಿಂಗಳ ಸಂಬಳ 2,30,000 ಯೆನ್ನಿನ ಅಕ್ಕಪಕ್ಕ. ಏಪ್ರಿಲ್‌ನಲ್ಲಿ ಮಾಡಿದ ಕೆಲಸಕ್ಕೆ ಸಂಬಳ ಬರುವುದು ಮೇ ಕೊನೆಗೆ. ಹಸಿರು ಹೋಳು ಎಲ್ಲಿದೆ ಸ್ವಾಮಿ?

3. ಜಾಮೀನುದಾರನ ಸತ್ತಾಮೀಮಾಂಸೆ

ಮನೆ ಬೇಕಾದರೆ ಜಾಮೀನುದಾರ ಬೇಕು. ಜಾಮೀನುದಾರ ಜಪಾನಿನವನಾಗಿರಬೇಕು, ಸಂಪಾದಿಸುತ್ತಿರಬೇಕು, ನೀವು ಬಾಡಿಗೆ ಕೊಡದಿದ್ದರೆ ತಾನು ಕೊಡುವಷ್ಟು ನಿಮ್ಮನ್ನು ಪ್ರೀತಿಸಬೇಕು. ಹೋದ ವಾರ ವಿಮಾನ ಇಳಿದವನಿಗೆ ಅಂಥ ಬಂಧು ಎಲ್ಲಿಂದ ಬರಬೇಕು? ಆದ್ದರಿಂದ ಜಾಮೀನು ಕಂಪನಿಗಳು ಅವತರಿಸಿವೆ. ಅರ್ಧ ತಿಂಗಳಿಂದ ಒಂದು ತಿಂಗಳವರೆಗಿನ ಬಾಡಿಗೆ ತೆಗೆದುಕೊಂಡು ಅವು ನಿಮ್ಮನ್ನು ಪ್ರೀತಿಸುತ್ತವೆ. ವರ್ಷಕ್ಕೊಮ್ಮೆ ಪ್ರೀತಿಯ ನವೀಕರಣ ಶುಲ್ಕ ಬೇರೆ. ಕೆಲವು ಕಡೆ ಕಂಪನಿಯ ಜಾಮೀನಿನ ಮೇಲೆ ‘ತುರ್ತು ಸಂಪರ್ಕಕ್ಕೆ’ ಎಂದು ಒಬ್ಬ ಜಪಾನಿಯ ಹೆಸರನ್ನೂ ಕೇಳುತ್ತಾರೆ. ನಮ್ಮ ಶಾಲೆಯ ಉಪಮುಖ್ಯೋಪಾಧ್ಯಾಯರು ತಮ್ಮ ಹೆಸರು ಕೊಟ್ಟರು. ಅವರಿಗೆ ನನ್ನ ಪೂರ್ತಿ ಹೆಸರು ಹೇಳಲು ಬರುತ್ತಿರಲಿಲ್ಲ, ಆದರೂ ಕೊಟ್ಟರು. ಈ ಪ್ರಬಂಧದಲ್ಲಿ ವ್ಯಂಗ್ಯವಿಲ್ಲದ ಮೊದಲ ವಾಕ್ಯ ಇದು.

ಮುಂದಿನ ಸಮಸ್ಯೆ ಅನ್ಯೋನ್ಯಾಶ್ರಯ ದೋಷ. ಮನೆಗೆ ಫೋನ್ ನಂಬರು ಬೇಕು, ಫೋನಿಗೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ವಿಳಾಸ ಬೇಕು. ತರ್ಕಶಾಸ್ತ್ರದ ವಿದ್ಯಾರ್ಥಿಗಳು ಪರೀಕ್ಷೆಗೆ ಓದುವ ಈ ದೋಷದೊಳಗೆ ನಾನು ಒಂದು ಗೆಸ್ಟ್‌ಹೌಸಿನ ಅಟ್ಟದ ಮಂಚದಲ್ಲಿ ವಾಸವಾಗಿದ್ದೆ.

4. ವೇತನದ ಕಾಲತತ್ತ್ವ ಹಾಗೂ ಪಂಕ್ತಿಭೇದ

ಇಂಗ್ಲಿಷ್ ಬಡಿಸುವವರಲ್ಲೂ ಪಂಕ್ತಿಗಳಿವೆ. ಸರ್ಕಾರವೇ 1987ರಿಂದ ನಡೆಸುತ್ತಿರುವ ಜೆಟ್ ಯೋಜನೆಯವರು ಮೊದಲ ಪಂಕ್ತಿ. ಅವರಲ್ಲಿ ಅನೇಕರಿಗೆ ಊರಿನ ಶಿಕ್ಷಣ ಮಂಡಳಿಯೇ ಮನೆ ಹುಡುಕಿಕೊಡುತ್ತದೆ. ಖಾಸಗಿ ಏಜೆನ್ಸಿಯ ಮೂಲಕ ಬಂದವರು ಎರಡನೆಯ ಪಂಕ್ತಿ. ಅದರಲ್ಲೂ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದವರು ಎಲೆಯ ತುದಿಯ ಕಡೆ, ಫಿಲಿಪ್ಪೀನ್ಸ್, ಭಾರತದವರು ಬುಡದ ಕಡೆ. ಅಮೆರಿಕದವನು ತನ್ನ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ನಾನು 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇನೆಂದು ಕಾನ್ವೆಂಟಿನ ಸಿಸ್ಟರಿಂದ ಕಾಗದ ತರಿಸಬೇಕಾಯಿತು. ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ ಹಾಕುತ್ತಿದ್ದ ಶಾಲೆ ಅದು. ದಂಡದ ಪುಸ್ತಕವನ್ನೇ ದಾಖಲೆಯಾಗಿ ಒಪ್ಪಿಸಬಹುದಿತ್ತು.

ಎಷ್ಟೋ ಕರಾರುಗಳಲ್ಲಿ ವಾರದ ಕೆಲಸ ಬಹುಕಾಲ 29.5 ಗಂಟೆ ಎಂದೇ ನಮೂದಾಗುತ್ತಿತ್ತು. 30 ಮುಟ್ಟಿದರೆ ಮೇಷ್ಟ್ರನ್ನು ಆರೋಗ್ಯ ವಿಮೆಗೂ ಪಿಂಚಣಿಗೂ ಸೇರಿಸಿ ಅರ್ಧ ಹಣ ತಾವು ಕಟ್ಟಬೇಕಾಗುತ್ತದೆಂಬ ಭಯ ಏಜೆನ್ಸಿಗಳಿಗೆ. ಆ ಕಳೆದ ಅರ್ಧ ಗಂಟೆಯ ಮೇಲೆ ಒಂದು ಉದ್ಯಮವೇ ನಿಂತಿತ್ತು. ಅಕ್ಟೋಬರ್ 2024ರಿಂದ, 50ಕ್ಕಿಂತ ಹೆಚ್ಚು ನೌಕರರಿರುವ ಕಡೆ ವಾರಕ್ಕೆ 20 ಗಂಟೆ ದುಡಿಯುವವರನ್ನೂ ಸೇರಿಸಬೇಕಾಗಿ ಬಂದು ಈ ಸೂಕ್ಷ್ಮ ಗಣಿತಕ್ಕೆ ಸ್ವಲ್ಪ ಪೆಟ್ಟು ಬಿತ್ತು. ಆಗಸ್ಟ್‌ನಲ್ಲಿ ಶಾಲೆಗೆ ರಜೆ, ಆದ್ದರಿಂದ ಸಂಬಳಕ್ಕೂ ರಜೆ. ಬಾಡಿಗೆಗೆ ರಜೆ ಇಲ್ಲ.

ಎರಡನೆಯ ವರ್ಷದ ಜೂನ್‌ನಲ್ಲಿ ನಿವಾಸಿ ತೆರಿಗೆಯ ಲಕೋಟೆ ಬರುತ್ತದೆ. ಹೋದ ವರ್ಷದ ತೆರಿಗೆಗೊಳಪಡುವ ಆದಾಯದ ಮೇಲೆ ಸುಮಾರು ನೂರಕ್ಕೆ ಹತ್ತರಷ್ಟು, ಈ ವರ್ಷದ ಜೇಬಿನಿಂದ. ಮೊದಲ ವರ್ಷ ‘ಪರವಾಗಿಲ್ಲ, ಒಂದಿಷ್ಟು ಉಳಿಯುತ್ತಿದೆಯಲ್ಲ’ ಎಂದು ಮನೆಗೆ ದುಡ್ಡು ಕಳಿಸಿದವರೆಲ್ಲ ಆ ಲಕೋಟೆ ಹಿಡಿದುಕೊಂಡು ಕೂರುವ ಭಂಗಿಯನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕು. ಅನ್ನದ ಆಯಾಮವನ್ನೂ ಇಲ್ಲೇ ಸೇರಿಸಿಬಿಡುತ್ತೇನೆ: 2025ರ ಬೇಸಗೆಯ ಹೊತ್ತಿಗೆ ಐದು ಕಿಲೋ ಅಕ್ಕಿ 4,000 ಯೆನ್ ದಾಟಿ, ಒಂದು ವರ್ಷದಲ್ಲಿ ಬೆಲೆ ಇಮ್ಮಡಿಯಾಗಿತ್ತು. ಸರ್ಕಾರ ಉಗ್ರಾಣದ ಹಳೆಯ ಅಕ್ಕಿಯನ್ನು ಅರ್ಧ ಬೆಲೆಗೆ ಬಿಟ್ಟಾಗ ಜನ ಬೆಳಗಾಗುವ ಮೊದಲೇ ಅಂಗಡಿ ಮುಂದೆ ಸಾಲು ನಿಂತರು. ರೇಷನ್ ಅಂಗಡಿಯ ಸಾಲು ಕಂಡವನಿಗೆ ಅಲ್ಲಿ ಮೊದಲ ಬಾರಿ ಊರಿನ ಸಲಿಗೆ ಅನ್ನಿಸಿತು.

5. ನಿರಾಕರಣೆಯ ಸಂಕೇತವಿಜ್ಞಾನ

ಈ ಅಧ್ಯಾಯಕ್ಕೂ ಒಂದು ಚೌಕಟ್ಟು ಯೋಚಿಸಿಟ್ಟಿದ್ದೆ: ಸೂಚಕ, ಸೂಚಿತ, ಇತ್ಯಾದಿ. ಅದಿರಲಿ, ನಡೆದದ್ದು ಇಷ್ಟು. ದಲ್ಲಾಳಿ ಅಂಗಡಿಯ ಹುಡುಗ ಇನ್ನೂ ಇಪ್ಪತ್ತೈದು ದಾಟದವನು. ನಾನು ತೋರಿಸಿದ ಮನೆಯ ಮಾಲೀಕನಿಗೆ ನನ್ನ ಎದುರೇ ಫೋನು ಮಾಡುತ್ತಾನೆ. ‘ವಿದೇಶದವರು, ಆದರೆ ಜಪಾನಿ ಚೆನ್ನಾಗಿ ಮಾತಾಡ್ತಾರೆ. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು’ ಎಂದು ಹುರುಪಿನಿಂದ ಹೇಳುತ್ತಾನೆ. ಆ ಕಡೆಯಿಂದ ಪ್ರಶ್ನೆ. ‘ಭಾರತ’ ಎನ್ನುತ್ತಾನೆ. ಆ ಕಡೆಯಿಂದ ಇನ್ನೊಂದು ಪ್ರಶ್ನೆ. ಹುಡುಗ ರಿಸೀವರಿಗೆ ಕೈ ಅಡ್ಡ ಹಿಡಿದು, ಕಿವಿ ಕೆಂಪಾಗಿ, ‘ಮನೆಯಲ್ಲಿ ಕರಿ ಮಾಡ್ತೀರಾ ಅಂತ ಕೇಳ್ತಿದಾರೆ’ ಎನ್ನುತ್ತಾನೆ. ನಾನು ಉತ್ತರ ಹುಡುಕುವಷ್ಟರಲ್ಲಿ ಅವನು ಹಲ್ಲಿನ ಸಂದಿಯಿಂದ ಸುಯ್ಯೆಂದು ಉಸಿರೆಳೆದು, ಮೇಜಿನ ಮೇಲಿನ ಹಾಳೆಯನ್ನು ಮಗುಚಿ ಹಾಕುತ್ತಾನೆ. ಮುಂದಿನ ಹಾಳೆ. ಮುಂದಿನ ಫೋನು. ಅದೇ ಉಸಿರು.

ಜಪಾನಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ ವಿದೇಶಿಯರ ಪೈಕಿ ನೂರಕ್ಕೆ 39ಕ್ಕೂ ಹೆಚ್ಚು ಮಂದಿ, ವಿದೇಶಿಯರು ಎಂಬ ಕಾರಣಕ್ಕೇ ಮನೆ ಸಿಗಲಿಲ್ಲ ಎಂದಿದ್ದರು. ಜನಾಂಗ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಆ ದೇಶ ಸೇರಿದ್ದು 1995ರಲ್ಲಿ. ಮನೆ ಸಿಗುವುದು ಕಷ್ಟ ಎಂದು ಸರ್ಕಾರವೇ ಗುರುತಿಸಿರುವ ವರ್ಗಗಳ ಪಟ್ಟಿಯೊಂದು ಕಾನೂನಿನಲ್ಲಿದೆ: ವಿದೇಶಿಯರು, ಅಂಗವಿಕಲರು, ಮಕ್ಕಳೊಂದಿಗರು, ವೃದ್ಧರು. ವರ್ಗೀಕರಣದಲ್ಲಿ ನನ್ನನ್ನು ಮೀರಿಸಿದವರು ಇದ್ದಾರೆ.

ಪಟ್ಟಿಯ ಕೊನೆಯ ವರ್ಗ ಅವತ್ತು ಪಕ್ಕದ ಮೇಜಿನಲ್ಲೇ ಕೂತಿತ್ತು. ಬಿಳಿಗೂದಲನ್ನು ನೀಟಾಗಿ ಬಾಚಿದ ಅಜ್ಜಿ, ಮಡಿಲಲ್ಲಿ ಬಟ್ಟೆಯ ಚೀಲ. ಇದ್ದ ಹಳೆಯ ಕಟ್ಟಡ ಕೆಡವುತ್ತಾರಂತೆ. ಬಾಡಿಗೆ ಕೊಡಲು ಪಿಂಚಣಿ ಇದೆ, ಆದರೆ ಒಂಟಿ. ಒಂಟಿ ವೃದ್ಧರು ಮನೆಯೊಳಗೇ ತೀರಿಹೋಗಿ ಬಹಳ ದಿನ ಯಾರಿಗೂ ತಿಳಿಯದೆ ಹೋದರೆ, ಮುಂದೆ ಸುಮಾರು ಮೂರು ವರ್ಷ ಬರುವ ಬಾಡಿಗೆದಾರರಿಗೆ ಅದನ್ನು ತಿಳಿಸಬೇಕೆಂದು 2021ರ ಸರ್ಕಾರಿ ಮಾರ್ಗಸೂಚಿ ಹೇಳುತ್ತದೆ. ಮನೆಯ ಬೆಲೆ ಬೀಳುತ್ತದೆ. ಅದಕ್ಕೇ ಮಾಲೀಕರು ಹಿಂಜರಿಯುತ್ತಾರೆ. ಅವರ ಮೇಜಿನವಳೂ ಅದೇ ಉಸಿರೆಳೆದಳು. ಅಜ್ಜಿ ಆ ದೇಶದವರು, ಆ ಭಾಷೆಯವರು, ಬಹುಶಃ ಎಪ್ಪತ್ತು ವರ್ಷ ಆ ರಸ್ತೆಗಳಲ್ಲೇ ನಡೆದವರು. ಒಂದು ಕೋಣೆಗೆ ಅದ್ಯಾವುದೂ ಸಾಲಲಿಲ್ಲ. ನನಗೆ ಬಂದ ಸಿಟ್ಟನ್ನು ಯಾವ ಅಧ್ಯಾಯದಲ್ಲಿ ಇಡಬೇಕೋ ಗೊತ್ತಿಲ್ಲ.

ಸಿಟ್ಟು ಪೂರ್ತಿ ನನ್ನ ಹಕ್ಕೂ ಅಲ್ಲ. ಮೈಸೂರಿನಲ್ಲಿ ನಮ್ಮ ಮಹಡಿ ಮನೆ ಬಾಡಿಗೆಗೆ ಕೊಡುವಾಗ ನಮ್ಮಪ್ಪ ಗೇಟಿನಲ್ಲೇ ನಿಂತು ಬಲು ವಿನಯದಿಂದ ‘ತಾವು ಯಾವ ಜನ?’ ಎಂದು ಕೇಳುತ್ತಿದ್ದರು. ಉತ್ತರ ಹಿಡಿಸದಿದ್ದರೆ ‘ಛೆ, ನಿನ್ನೆ ತಾನೇ ಮಾತಾಯ್ತಲ್ಲ’ ಎನ್ನುತ್ತಿದ್ದರು. ಟೋಕಿಯೊದ ಮಾಲೀಕ ಕರಿಯ ವಾಸನೆಗೆ ಹೆದರಿದರೆ ನಮ್ಮಪ್ಪ ಮೀನಿನ ವಾಸನೆಗೆ ಹೆದರುತ್ತಿದ್ದರು. ಫೋನಿನಲ್ಲಿ ಈ ಕರಿ ಪ್ರಸಂಗ ಹೇಳಿದಾಗ ಅವರಿಗೆ ಅಸಾಧ್ಯ ಕೋಪ ಬಂತು. ‘ಅದೇನು ಜನವೋ! ಮನುಷ್ಯರನ್ನ ಹೀಗಾ ನೋಡೋದು?’ ಎಂದರು.

6. ಮುಂದಿನ ಸಂಶೋಧಕರಿಗೆ ಸೂಚನೆಗಳು

ಪರಿಪ್ರೇಕ್ಷ್ಯ ಸಾಕು. ಏಪ್ರಿಲ್‌ಗೆ ಬರುವವರಿದ್ದರೆ ಕೇಳಿ. ಐದು ತಿಂಗಳ ಬಾಡಿಗೆ, ಅದರ ಮೇಲೆ ಎರಡು ತಿಂಗಳ ಊಟದ ದುಡ್ಡು ಕೈಯಲ್ಲಿರಲಿ. ಸಾಲ ಮಾಡಿ ತರುವುದಾದರೆ ಮನೆಯವರಿಂದ ತನ್ನಿ, ಏಜೆನ್ಸಿಯಿಂದ ಬೇಡ. ಸರ್ಕಾರದ ಅಂಗಸಂಸ್ಥೆಯಾದ ಯುಆರ್ ನಿಗಮದ ಮನೆಗಳಿಗೆ ರೇಕಿನ್ ಇಲ್ಲ, ದಲ್ಲಾಳಿ ಇಲ್ಲ, ಜಾಮೀನುದಾರ ಬೇಡ, ನವೀಕರಣ ಶುಲ್ಕವೂ ಇಲ್ಲ. ಕಟ್ಟಡ ಹಳೆಯದಿರಬಹುದು, ಕನಿಷ್ಠ ಆದಾಯ ಇಷ್ಟಿರಬೇಕೆಂದು ಕೇಳುತ್ತಾರೆ, ಮೊದಲು ಅಲ್ಲಿ ವಿಚಾರಿಸಿ. ಕಟ್ಟಡ ಜೂನ್ 1981ರ ಭೂಕಂಪ ನಿಯಮಕ್ಕೆ ಹಿಂದಿನದೋ ಮುಂದಿನದೋ ಎಂದು ಕೇಳಲು ಸಂಕೋಚ ಬೇಡ. ಮೊದಲ ವರ್ಷ ಪ್ರತಿ ತಿಂಗಳೂ ಜೂನ್ ಲಕೋಟೆಗೆಂದು ಒಂದಿಷ್ಟು ಎತ್ತಿಡಿ. ತೊಗರಿಬೇಳೆ ಟೋಕಿಯೊದ ಶಿನ್-ಓಕುಬೊದಲ್ಲೋ ನಿಶಿ-ಕಸಾಯ್‌ನಲ್ಲೋ ಸಿಗುತ್ತದೆ. ಹೊಸ ಮನೆಯಲ್ಲಿ ಪರದೆ ಇರುವುದಿಲ್ಲ, ಎಷ್ಟೋ ಕಡೆ ಒಲೆಯೂ ಸೂರಿನ ದೀಪವೂ ಇರುವುದಿಲ್ಲ. ಬೀಗದ ಕೈ ಹಗಲಲ್ಲೇ ಈಸಿಕೊಳ್ಳಿ. ಗ್ಯಾಸ್ ತೆರೆಯಲು ಬರುವವನ ಎದುರು ನೀವು ಖುದ್ದಾಗಿ ಇರಲೇಬೇಕು. ಒಂದರಿಂದ ಮೂರರ ನಡುವೆ ಬರುತ್ತೇನೆ ಎಂದಿದ್ದರೆ ಅವನು ಸರಿಯಾಗಿ ಒಂದಕ್ಕೇ ಬಂದುಬಿಡುವುದೂ ಉಂಟು, ಊಟಕ್ಕೆ ಹೊರಗೆ ಹೋಗಬೇಡಿ.