ಅಂಕಪತನೋತ್ತರ ಧೈರ್ಯಮೀಮಾಂಸೆ: ವಿಜಯಪುರ, ತಿಕೋಟಾ, ಬಬಲೇಶ್ವರಗಳನ್ನು ಅನುಲಕ್ಷಿಸಿ

ಕ್ಲಾಟ್ ಎಂಬ ಕಾನೂನು ಪ್ರವೇಶ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಿದ್ದವನು ಮರುವರ್ಷ ಮತ್ತೆ ಅದೇ ಪರೀಕ್ಷೆಗೆ ಅರ್ಜಿ ತುಂಬುವುದೇಕೆ? ಈ ಗಹನ ಪ್ರಶ್ನೆಯನ್ನು ಪೂರ್ವಸೂರಿಗಳು ಮುಟ್ಟಿಲ್ಲ. ಕಾರಣ ಸ್ಪಷ್ಟ: ಅವರಾರೂ ತಿಕೋಟಾ ಬಸ್ಸು ಹತ್ತಿದವರಲ್ಲ.

ಮೊದಲು ಪ್ರಮಾಣವಿಚಾರ. ಪ್ರಶ್ನೆ 120, ನಿಮಿಷವೂ 120. ಸರಿಯಾದರೆ ಒಂದಂಕ, ತಪ್ಪಾದರೆ ಕಾಲಂಕ ಕಡಿತ. ಗಿಣಿಶಾಸ್ತ್ರದ ಗಿಣಿಯೊಂದನ್ನು ಪರೀಕ್ಷೆಗೆ ಕೂರಿಸಿ, ನಾಲ್ಕು ಉತ್ತರಗಳಲ್ಲಿ ಒಂದೊಂದು ಚೀಟಿ ಎತ್ತಿಸುತ್ತ ಹೋದರೆ ಸರಾಸರಿ 30 ಸರಿ, 90 ತಪ್ಪು. ಮೂವತ್ತರಲ್ಲಿ ಇಪ್ಪತ್ತೆರಡೂವರೆ ಕಳೆದು ಏಳೂವರೆ ಅಂಕ ಉಳಿಯುತ್ತದೆ. ಏನೂ ಬರೆಯದೆ ಎದ್ದು ಬಂದವನಿಗೆ ಸೊನ್ನೆ. ಬೆವರು ಸುರಿಸಿ ಎಲ್ಲವನ್ನೂ ತಪ್ಪು ಬರೆದವನಿಗೆ ಮೈನಸ್ 30. ಅಂದಮೇಲೆ ದುಡಿದವನಿಗಿಂತ ದುಡಿಯದವನು ಮೇಲು, ಇಬ್ಬರಿಗಿಂತಲೂ ಗಿಣಿ ಮೇಲು. ಈ ಏಳೂವರೆಗೂ ಶನಿಮಹಾತ್ಮನ ಸಾಡೇಸಾತಿಗೂ ಇರುವ ನಂಟನ್ನು ಜ್ಯೋತಿಷಿಗಳ ವಿವೇಚನೆಗೆ ಬಿಡಲಾಗಿದೆ.

ಪರೀಕ್ಷೆ ನಡೆಯುವುದು ಡಿಸೆಂಬರಿನಲ್ಲಿ. ಅಕ್ಟೋಬರ್ ಚಾಟ್ನಿ ಮುಗಿಸಿದ ದ್ರಾಕ್ಷಿ ಪಡಗಳಲ್ಲಿ ಆಗ ಔಷಧ ಹೊಡೆಯುವ ಗಡಿಬಿಡಿ. ಮೋಡ ಕವಿದರಂತೂ ಅಪ್ಪನ ಕಣ್ಣು ಕಾಯಿಯ ಮೇಲೆಯೇ ಇರುತ್ತದೆ, ಮಗನ ಅಂಕದ ಮೇಲಿರುವುದಿಲ್ಲ. ಅಭ್ಯರ್ಥಿಗೆ ಪ್ರಕೃತಿ ಕೊಟ್ಟ ರಕ್ಷಣೆ ಇದೊಂದೇ. ಉಳಿದ ಬಂಧುವರ್ಗಕ್ಕೆ ಪಡವಿಲ್ಲ. ಬಬಲೇಶ್ವರದ ಅಬಚಿಗೆ ಇವನು ಬಸ್ಸಿಳಿಯುವ ಮುಂಚೆಯೇ ಸುದ್ದಿ ಮುಟ್ಟಿರುತ್ತದೆ, ಆದರೂ, "ಎಷ್ಟ್ ಬಿತ್ತೋ ತಮ್ಮಾ?" ಗೋಳಗುಮ್ಮಟವನ್ನು ಈ ಚರ್ಚೆಗೆ ಎಳೆಯುವ ಆಸೆಯನ್ನು ಲೇಖಕ ಹತ್ತಿಕ್ಕಿದ್ದಾನೆ. ಅದು ಏಳು ಸಲ ಕೇಳಿ ಸುಮ್ಮನಾಗುತ್ತದೆ.

ಇನ್ನು ಪೂರ್ವಪಕ್ಷ. 'ವಕೀಲನಾಗಲು ಇದೊಂದೇ ಬಾಗಿಲೇ? 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೆಯೇ ಸೀಟು ಸಿಗುತ್ತದೆ. ಸಾಮಾನ್ಯ ವರ್ಗಕ್ಕೆ ಶೇ. 45 ಸಾಕು. ವಕೀಲಿ ಮುಂದುವರಿಸಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತಪ್ಪಿಗೆ ಕಡಿತವೂ ಇಲ್ಲ, ಅದನ್ನು ಕನ್ನಡದಲ್ಲೂ ಬರೆಯಬಹುದು. ಕ್ಲಾಟ್ ಬರೀ ಇಂಗ್ಲಿಷಿನದು.' ಕಾನೂನು ಕಲಿಯಲು ಒಳಬರುವವನಿಗೆ ಇಂಗ್ಲಿಷೇ ಬೇಕು, ಕಲಿತು ಕೋರ್ಟಿಗೆ ಹೋಗುವವನಿಗೆ ಕನ್ನಡ ಸಾಕು. ಈ ವೈಚಿತ್ರ್ಯಕ್ಕೆ ಭಾಷ್ಯ ಬರೆಯುವ ಯೋಗ್ಯತೆ ಪ್ರಸ್ತುತ ಲೇಖಕನಿಗಿಲ್ಲ. ಪೂರ್ವಪಕ್ಷ ಗಟ್ಟಿಯಾಗಿದೆ ಎಂದಷ್ಟೇ ಒಪ್ಪಿಕೊಂಡು, ವಿದ್ವತ್ ಸಂಪ್ರದಾಯದಂತೆ ಅದನ್ನು ಅಲಕ್ಷಿಸಿ ಮುಂದೆ ಹೋಗೋಣ.

ಪೂರ್ವನಿದರ್ಶನಗಳು. ಇದೇ ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರೆ ಅದು ವಾಪಸ್ ಬಂತು. ಅವರು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಮುಂದೆ 'ಹಿತಚಿಂತಕ' ಎಂಬ ಸ್ವಂತ ಮುದ್ರಣಾಲಯವನ್ನೇ ತೆರೆದರು. ಹಾಗಾದರೆ ಅಭ್ಯರ್ಥಿಯೂ ಸ್ವಂತ ಪರೀಕ್ಷೆ ತೆರೆಯಬಹುದೇ? ಆಗದು. 2020ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ ಕ್ಲಾಟ್ ಬಿಟ್ಟು ತನ್ನದೇ ಪರೀಕ್ಷೆ ನಡೆಸಿ, ಸುಪ್ರೀಂ ಕೋರ್ಟಿನಲ್ಲಿ ಸೋತು, ಕ್ಲಾಟ್ ಅಂಕಕ್ಕೇ ಮರಳಿತು. ಪ್ರವೇಶ ಪರೀಕ್ಷೆಯ ವಿಷಯದಲ್ಲಿ ಕಾನೂನು ಶಾಲೆಯೇ ಫೇಲಾಗಬಹುದಾದರೆ ತಿಕೋಟಾದ ಹುಡುಗನ ಪಾಡೇನು! 2024ರ ಡಿಸೆಂಬರ್ 1ರ ಕ್ಲಾಟ್‌ನಲ್ಲಂತೂ ಪ್ರಕಟಿತ ಉತ್ತರಗಳೇ ತಪ್ಪೆಂದು ಅಭ್ಯರ್ಥಿಗಳು ಹೈಕೋರ್ಟ್ ಹತ್ತಿದರು. ದೆಹಲಿ ಹೈಕೋರ್ಟ್ ಕೆಲವನ್ನು ತಿದ್ದಿಸಿತು, ವ್ಯಾಜ್ಯ 2025ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. ಕಾನೂನು ಕಲಿಯುವ ಮೊದಲೇ ಕಕ್ಷಿದಾರರಾದ ಈ ಮಕ್ಕಳಿಗೆ ಆ ದಾವೆಯನ್ನೇ ಪ್ರವೇಶ ಪರೀಕ್ಷೆಯೆಂದು ಗಣಿಸಿ ಸೀಟು ಕೊಡಬೇಕಿತ್ತೆಂಬುದು ಲೇಖಕನ ಸ್ವಂತ ಅಭಿಪ್ರಾಯ.

ಈಗ ಸಿದ್ಧಾಂತ. ಧೈರ್ಯದ ಮೂಲ ಕೋಚಿಂಗಿನಲ್ಲಿಲ್ಲ, ಹೊಲದ ಬದುವಿನಲ್ಲಿದೆ. ಬದು ಒತ್ತಿದ ತಕರಾರು, ಮೋಜಣಿ, ಉತಾರದ ತಿದ್ದುಪಡಿ, ದಾವೆ, ಅಪೀಲು ಎಂದು ಮುತ್ಯಾನ ಕಾಲದಿಂದ ಕೋರ್ಟಿಗೆ ನಡೆದ ಮನೆಯಲ್ಲಿ 'ಸೋಲು' ಎಂಬ ಪದಾರ್ಥವೇ ಸಿದ್ಧಿಸುವುದಿಲ್ಲ. ಅಲ್ಲಿರುವುದು ಮುಂದಿನ ತಾರೀಖು ಮಾತ್ರ. ಮನೆಯಿಂದ ಒಬ್ಬ ವಕೀಲನಾಗಲಿ ಎಂಬ ಹಂಬಲ ಹುಟ್ಟಿದ್ದೂ ಆ ಬದುವಿನ ಮೇಲೆಯೇ. ಕ್ಲಾಟ್‌ಗೆ ಗರಿಷ್ಠ ವಯೋಮಿತಿ ಇಲ್ಲದಿರುವುದರಿಂದ ಕಾಲಮಿತಿ ಕಾಯ್ದೆಯ ಭಯವೂ ಇಲ್ಲ.

ಫಲಿತಾಂಶದ ಸಂಜೆ ಮುಖ ಬಾಡಿಸಿಕೊಂಡು ಕೂತ ಮೊಮ್ಮಗನಿಗೆ ಮುತ್ಯಾ ಹೇಳುವುದಿಷ್ಟೇ: "ಯಾಕ ಅಳ್ತಿಯೋ ಹುಚ್ಚಾ, ತಾರೀಖ್ ಮುಂದ ಬಿದ್ದೈತಿ, ಅಷ್ಟ." ಅರ್ಜಿಗೆ ಬೇಕಾದ 4,000 ರೂಪಾಯಿಯನ್ನು ಎಣಿಸಿ ಕೊಟ್ಟು, ಹಳೆಯ ಡೈರಿ ತೆಗೆದು, ಬದುವಿನ ದಾವೆಯ ಖರ್ಚಿನ ಕೆಳಗೇ ಅದನ್ನೂ ಬರೆದುಕೊಳ್ಳುತ್ತಾರೆ.