ಹೆಬ್ಬೆರಳಿಗೊಂದು ಉದ್ಯೋಗ

ಕಂಪ್ಯೂಟರ್ ಮುಂದೆ ಕೂತವರ ಬಲಗೈಯನ್ನು ಒಮ್ಮೆ ಗಮನಿಸಿ ನೋಡಿ. ತೋರುಬೆರಳು ಬೆಳಗಿನಿಂದ ಸಂಜೆಯವರೆಗೆ ಟಕ್ ಟಕ್ ಎಂದು ದುಡಿಯುತ್ತಿರುತ್ತದೆ. ನಡುಬೆರಳಿಗೆ ಆಗೊಮ್ಮೆ ಈಗೊಮ್ಮೆ ರೈಟ್ ಕ್ಲಿಕ್ಕಿನ ಕೆಲಸ. ಉಂಗುರ ಬೆರಳು, ಕಿರುಬೆರಳು ಮೌಸ್ ಜಾರದ ಹಾಗೆ ಬಲಪಕ್ಕವನ್ನು ಹಿಡಿದುಕೊಂಡಿರುತ್ತವೆ. ಹೆಬ್ಬೆರಳು ಮಾತ್ರ ಎಡಪಕ್ಕಕ್ಕೆ ಒರಗಿಕೊಂಡು, ಮದುವೆಮನೆಯಲ್ಲಿ ಗಂಡಿನ ಸೋದರಮಾವ ಕೂತ ಹಾಗೆ ಕೂತಿರುತ್ತದೆ. ಐದರಲ್ಲಿ ಎಲ್ಲಕ್ಕಿಂತ ಗಟ್ಟಿ ಆಸಾಮಿ ಅದೇ. ಕೆಲಸ ಹೇಳುವ ಧೈರ್ಯ ಯಾರಿಗೂ ಇಲ್ಲ.

ನಮ್ಮಲ್ಲಿ ಹೆಬ್ಬೆರಳಿಗೆ ಮೊದಲಿನಿಂದಲೂ ಅಷ್ಟು ಮರ್ಯಾದೆ ಇರಲಿಲ್ಲ ಅನ್ನಿ. ಸಹಿ ಮಾಡಲು ಬಾರದವರನ್ನು ಹೆಬ್ಬೆಟ್ಟು ಎಂದು ಹೀಗಳೆಯುತ್ತಿದ್ದ ಕಾಲವಿತ್ತು. ಈಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡಬಲ್ ಡಿಗ್ರಿ ಮಾಡಿದವರೂ ಯಂತ್ರದ ಮೇಲೆ ಹೆಬ್ಬೆರಳು ಒತ್ತಿ, ಅದು ಒಪ್ಪದಿದ್ದರೆ ಪಂಚೆಯ ತುದಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಇಷ್ಟು ಬಡ್ತಿ ಸಿಕ್ಕ ಮೇಲೂ ಮೌಸಿನ ಮೇಲೆ ಅದು ಖಾಲಿ ಕೂರುವುದು ನನಗೆ ಸರಿ ಕಾಣಲಿಲ್ಲ. ಪಕ್ಕದಲ್ಲಿ ಬಟನ್ ಇರುವ ಮೌಸ್ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ.

"ಗೇಮಿಂಗಾ ಸಾರ್, ಆಫೀಸಾ?" ಎಂದ ಅಂಗಡಿಯ ಹುಡುಗ.

"ಎರಡೂ ಅಲ್ಲಪ್ಪ, ಓದೋಕೆ."

"ಓದೋಕೆ ಮೌಸ್ ಯಾಕೆ ಸಾರ್?" ಎಂದು ಅವನು ನನ್ನ ತಲೆಗೂದಲನ್ನು ನೋಡಿ, ಮರುಮಾತಿಲ್ಲದೆ ಒಂದು ಪೆಟ್ಟಿಗೆ ಇಳಿಸಿದ. ಅದರೊಳಗಿದ್ದ ಮೌಸಿನಲ್ಲಿ ಹೆಬ್ಬೆರಳೊಂದಕ್ಕೇ 12 ಬಟನ್! ಹಳೆಯ ಫೋನಿನ ನಂಬರುಗಳನ್ನೆಲ್ಲ ಕಿತ್ತು ಪಕ್ಕಕ್ಕೆ ಅಂಟಿಸಿದಂತಿತ್ತು. ಆನ್‌ಲೈನ್ ಯುದ್ಧ ಆಡುವವರಿಗೆ ಮಂತ್ರ, ಕತ್ತಿ, ಔಷಧಿ ಎಲ್ಲಕ್ಕೂ ಒಂದೊಂದು ಬೇಕಂತೆ. ನನಗೆ ಯುದ್ಧವಿಲ್ಲ. ಎರಡು ಬಟನ್ನಿನದ್ದು ತೆಗೆದುಕೊಂಡು ಬಂದೆ.

ಎಷ್ಟು ಬಟನ್ ಇರಬೇಕು ಎಂಬ ಜಗಳ ಮೌಸಿನಷ್ಟೇ ಹಳೆಯದು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿ, ಜೊತೆಗಾರ ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿಕೊಟ್ಟ ಮೊದಲ ಮೌಸ್ ಮರದ ಡಬ್ಬಿ. ಅದಕ್ಕೆ ಇದ್ದದ್ದು ಒಂದೇ ಬಟನ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ತುಂಬಿದ ಸಭೆಯಲ್ಲಿ ಅದನ್ನು ತೋರಿಸುವ ಹೊತ್ತಿಗೆ ಬಟನ್ ಮೂರಾಗಿದ್ದವು. ಮೂರೇ ಏಕೆಂದರೆ, ಅದಕ್ಕಿಂತ ಹೆಚ್ಚಿಗೆ ಕೂರಿಸಲು ಜಾಗವಿರಲಿಲ್ಲ! ಅಷ್ಟು ಸಾಲದೆಂದು ಎಡಗೈಗೆ ಐದು ಕೀಲಿಗಳ ಇನ್ನೊಂದು ಪೆಟ್ಟಿಗೆಯನ್ನೂ ಇಟ್ಟುಕೊಂಡಿದ್ದ ಪುಣ್ಯಾತ್ಮ. ಆ್ಯಪಲ್‌ನವರದು ಇದಕ್ಕೆ ತದ್ವಿರುದ್ಧ. 1983ರ ಲಿಸಾ ಕಂಪ್ಯೂಟರಿಗೆ ಒಂದೇ ಬಟನ್ ಕೊಟ್ಟರು. ಎರಡಿದ್ದರೆ ಯಾವುದನ್ನು ಒತ್ತಬೇಕೆಂದು ಜನ ತಬ್ಬಿಬ್ಬಾಗುತ್ತಾರೆ ಎಂಬ ಕಾಳಜಿ. ಆ ಪಟ್ಟನ್ನು 2005ರವರೆಗೆ ಸಡಿಲಿಸಲಿಲ್ಲ. ರೈಟ್ ಕ್ಲಿಕ್ ಬೇಕಾದರೆ ಕೀಬೋರ್ಡಿನ ಕಂಟ್ರೋಲ್ ಕೀ ಅದುಮಿಕೊಂಡು ಕ್ಲಿಕ್ ಮಾಡಬೇಕಿತ್ತು. ಎರಡನೆಯ ಬಟನ್ ಇಲ್ಲ ಎಂದದ್ದಲ್ಲ, ಬಚ್ಚಿಟ್ಟದ್ದು. ಮೈಕ್ರೋಸಾಫ್ಟ್‌ನವರು 1996ರಲ್ಲಿ ತಮ್ಮ ಮೌಸಿಗೆ ಚಕ್ರ ಸೇರಿಸಿದರು. 1999ರ ಅವರ ಇಂಟೆಲ್ಲಿಮೌಸ್ ಎಕ್ಸ್‌ಪ್ಲೋರರ್ ಪಕ್ಕದಲ್ಲೂ ಎರಡು ಬಟನ್ ಹೊತ್ತು ಬಂತು.

ಆ ಎರಡರಲ್ಲಿ ಮಣಿಕಟ್ಟಿನ ಕಡೆಯದು ಬ್ಯಾಕ್, ಮುಂದಿನದು ಫಾರ್ವರ್ಡ್. ಏನೂ ಸೆಟ್ ಮಾಡದಿದ್ದರೂ ವಿಂಡೋಸಿನ ಬ್ರೌಸರುಗಳಲ್ಲಿ ಇವು ಕೆಲಸ ಮಾಡುತ್ತವೆ. ಬ್ಯಾಕ್ ಬಟನ್ನಿನ ಸುಖವನ್ನು ಅನುಭವಿಸಿದವರೇ ಬಲ್ಲರು. ಇಂಟರ್ನೆಟ್ಟಿನಲ್ಲಿ ನಾವು ಮಾಡುವುದಾದರೂ ಏನು? ಹುಡುಕುತ್ತೇವೆ, ತೆರೆಯುತ್ತೇವೆ, "ಛೆ, ಇದಲ್ಲ" ಎನ್ನುತ್ತೇವೆ, ಹಿಂದೆ ಬರುತ್ತೇವೆ. ಪ್ರತಿ ಸಲವೂ ಬಾಣದ ಗುರುತನ್ನು ಪರದೆಯ ಎಡಮೂಲೆಯವರೆಗೆ ಎಳೆದೊಯ್ದು, ಕ್ಲಿಕ್ ಮಾಡಿ, ಓದುತ್ತಿದ್ದ ಸಾಲಿಗೆ ಮರಳಿ ತರಬೇಕು. ಈಗ ಹೆಬ್ಬೆರಳು ಒಮ್ಮೆ ಅದುಮಿದರಾಯಿತು, ಬಾಣ ಇದ್ದಲ್ಲೇ ಇರುತ್ತದೆ.

ಫಾರ್ವರ್ಡ್ ಬಟನ್ನಿನ ಕತೆ ಬೇರೆ. ಬೇಕಾದ್ದಕ್ಕಿಂತ ಜಾಸ್ತಿ ಹಿಂದೆ ಬಂದವರಿಗಷ್ಟೇ ಅದು ಬೇಕು. ಅಂಥವರು ಕಡಿಮೆ. ಸಂಬಳ ತಿಂದು ಕೂತಿದ್ದ ಅದಕ್ಕೆ ನಾನು ಟ್ಯಾಬ್ ಮುಚ್ಚುವ ಕೆಲಸ ವಹಿಸಿದೆ. ಎಕ್ಸ್-ಮೌಸ್ ಬಟನ್ ಕಂಟ್ರೋಲ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಆ ಬಟನ್ನಿಗೆ ಕಂಟ್ರೋಲ್-ಡಬ್ಲ್ಯೂ ಎಂದು ಬರೆದುಕೊಟ್ಟರೆ ಮುಗಿಯಿತು. ಬ್ರೌಸರಿಗೊಂದು, ವರ್ಡಿಗೊಂದು ಎಂದು ಬೇರೆ ಬೇರೆ ಹುಕುಂ ಕೊಡಲೂ ಬರುತ್ತದೆ. ಇನ್ನು ಚಕ್ರ. ಅದನ್ನು ಉರುಳಿಸುವುದಷ್ಟೇ ಅಲ್ಲ, ಒತ್ತಲೂಬಹುದು ಎಂಬುದು ಎಷ್ಟೋ ಜನರಿಗೆ ರಿಟೈರ್ ಆದರೂ ತಿಳಿಯುವುದಿಲ್ಲ. ಲಿಂಕಿನ ಮೇಲೆ ಒತ್ತಿದರೆ ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ. ಟ್ಯಾಬಿನ ಮೇಲೆ ಒತ್ತಿದರೆ ಟ್ಯಾಬ್ ಮುಚ್ಚುತ್ತದೆ. ತಪ್ಪಿ ಮುಚ್ಚಿದ್ದನ್ನು ಕಂಟ್ರೋಲ್-ಶಿಫ್ಟ್-ಟಿ ಒತ್ತಿ ಬದುಕಿಸಬಹುದು.

ಇದನ್ನೆಲ್ಲ ಹೆಮ್ಮೆಯಿಂದ ಅಕ್ಕನ ಮಗನಿಗೆ ತೋರಿಸಿದೆ. ಅವನು ಲಿನಕ್ಸ್ ಮತಸ್ಥ. "ಮಾಮ, ನಿಂದು ಎಷ್ಟನೇ ಬಟನ್ನು?" ಎಂದ. ಐದರಲ್ಲಿ ಕೊನೆಯದು, ಐದನೆಯದು ಎಂದೆ. "ಅಲ್ಲ, ಒಂಬತ್ತನೇದು" ಎಂದ. ಲಿನಕ್ಸಿನಲ್ಲಿ ಪರದೆ, ಮೌಸು ನೋಡಿಕೊಳ್ಳುವ ಎಕ್ಸ್ ಎಂಬ ವ್ಯವಸ್ಥೆಯಲ್ಲಿ ಚಕ್ರ ಮೇಲಕ್ಕೆ ಉರುಳಿದರೆ 4ನೇ ಬಟನ್, ಕೆಳಕ್ಕೆ ಉರುಳಿದರೆ 5ನೆಯದು. ಅಡ್ಡಡ್ಡ ಸರಿಯುವುದಕ್ಕೆ 6 ಮತ್ತು 7. ಹೆಬ್ಬೆರಳಿನವು 8 ಮತ್ತು 9. ಕೈಯಲ್ಲಿ ಇಲ್ಲದ ಬಟನ್ನಿಗೂ ನಂಬರು ಕೊಟ್ಟು ಕೂರಿಸಿದ ಜನರ ಜೊತೆ ವಾದ ಮಾಡಬಾರದೆಂದು ಸುಮ್ಮನಾದೆ.

ಅಪಸ್ವರ ಎದ್ದದ್ದು ಮನೆಯೊಳಗಿನಿಂದ. ನನ್ನ ಹೆಂಡತಿ ಎಡಗೈಯವಳು. ಎಡ ಬಲ ಕ್ಲಿಕ್ಕುಗಳನ್ನು ಸೆಟ್ಟಿಂಗ್ಸಿನಲ್ಲಿ ಅದಲುಬದಲು ಮಾಡಬಹುದು, ಪ್ಲಾಸ್ಟಿಕ್ಕನ್ನು ಮಾಡಲಾಗದು. ಎಡಗೈಯಲ್ಲಿ ಹಿಡಿದರೆ ನನ್ನ ಅಮೂಲ್ಯ ಬಟನ್ನುಗಳು ಅವಳ ಕಿರುಬೆರಳಿನ ಪಾಲಿಗೆ ಬೀಳುತ್ತವೆ. "ರೀ, ಇದನ್ನ ಮಾಡಿದವರ ಮನೇಲಿ ಹೆಂಗಸರೇ ಇರಲಿಲ್ವಾ?" ಎಂದಳು. ಎಡಗೈಯವರು ಗಂಡಸರಲ್ಲೂ ಇದ್ದಾರೆ ಎಂದು ನಾನು ಹೇಳಲಿಲ್ಲ, ಅಡುಗೆಮನೆ ಹತ್ತಿರವಿತ್ತು.

ಮಾವನವರದು ಇನ್ನೊಂದು ಗೋಳು. ಅವರು ಏನು ಹಿಡಿದರೂ ಭದ್ರವಾಗಿ ಹಿಡಿಯುವವರು. ಬೆಳಿಗ್ಗೆ ಕಾಫಿ ಲೋಟದ ಜೊತೆ ಕಂಪ್ಯೂಟರ್ ಮುಂದೆ ಕೂತು ದಿನಭವಿಷ್ಯ ತೆರೆಯುತ್ತಾರೆ. ಅವರದು ಮೀನ ರಾಶಿ, ಪಟ್ಟಿಯಲ್ಲಿ ಕಟ್ಟಕಡೆಯದು. "ಅಳಿಯಂದ್ರೇ, ಇದೇನಿದು? ಮೇಷದಿಂದ ಕುಂಭದವರೆಗೂ ಊರವರದ್ದೆಲ್ಲ ಓದಿದೆ. ನಮ್ಮದು ಬರೋ ಹೊತ್ತಿಗೆ ಪುಟಾನೇ ಮಾಯ!" ಎಂದರು. ಕೆಳಗೆ ಹೋದಂತೆಲ್ಲ ಆತಂಕಕ್ಕೆ ಹಿಡಿತ ಬಿಗಿಯಾಗುವುದು, ಹೆಬ್ಬೆರಳು ಒತ್ತುವುದು, ಟ್ಯಾಬ್ ಮುಚ್ಚುವುದು. ನಾನು ಬಟನ್ನಿನ ವಿಚಾರ ವಿವರಿಸಿದೆ. ಅವರು ಒಪ್ಪಲಿಲ್ಲ. ಶನಿ ಇದ್ದಾಗ ಹೀಗೆಲ್ಲ ಆಗುತ್ತದೆ ಎಂದರು.

ಬ್ಯಾಕ್ ಬಟನ್ನಿಗೆ ಶತ್ರುಗಳೂ ಇದ್ದಾರೆ. ಸರ್ಕಾರಿ ಅರ್ಜಿ ತುಂಬುವಾಗ, ದುಡ್ಡು ಕಟ್ಟುವಾಗ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರುತ್ತದಲ್ಲ, ಬ್ಯಾಕ್ ಅಥವಾ ರಿಫ್ರೆಶ್ ಒತ್ತಬೇಡಿ ಎಂದು, ಅವರು. ತಂದೆಯ ಹೆಸರು, ಪಿನ್ ಕೋಡು, ಮುನ್ನೂರು ಕೆ.ಬಿ.ಗೆ ಕುಗ್ಗಿಸಿದ ಫೋಟೋ ಎಲ್ಲ ತುಂಬಿದ ಮೇಲೆ ಹೆಬ್ಬೆರಳು ಸೋಕಿದರೆ ಸಾಕು, ಸೆಷನ್ ಮುಗಿಯಿತು ಎಂಬ ತೀರ್ಪು. ಒಂದು ಹೆಜ್ಜೆ ಹಿಂದಿಟ್ಟರೆ ಎಲ್ಲವನ್ನೂ ಮರೆತುಬಿಡುವ ಜಾಲತಾಣದ್ದೇ ತಪ್ಪು, ಬೆರಳಿನದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಸಂಕಟ ಲೋಕಕ್ಕೆಲ್ಲ ಇದ್ದದ್ದೇ. ಕ್ರೋಮ್ ಬ್ರೌಸರಿನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೂ ಹಿಂದಿನ ಪುಟಕ್ಕೆ ಹೋಗುತ್ತಿತ್ತು. ಅಕ್ಷರ ಅಳಿಸಲು ಹೋದವರು ಇಡೀ ಅರ್ಜಿ ಕಳೆದುಕೊಳ್ಳುತ್ತಿದ್ದರೆಂದು ಗೂಗಲ್ 2016ರಲ್ಲಿ ಆ ಸೌಲಭ್ಯ ಕಿತ್ತುಹಾಕಿತು. ಅಭ್ಯಾಸವಾದವರು ಗಲಾಟೆ ಎಬ್ಬಿಸಿದರು. ಕೊನೆಗೆ ಅದನ್ನು ಮರಳಿ ಕೊಡುವ ಎಕ್ಸ್‌ಟೆನ್ಷನ್ನನ್ನು ಗೂಗಲ್ಲೇ ಹೊರತಂದಿತು.

ಆದ್ದರಿಂದ ಹನ್ನೆರಡು ಬಟನ್ನಿನ ಆಸೆಗೆ ಬೀಳಬೇಡಿ. ನೆನಪಿಟ್ಟುಕೊಂಡು ಒತ್ತಬೇಕಾದ ಬಟನ್ನು ಎರಡೇ ವಾರದಲ್ಲಿ ಮರೆತುಹೋಗುತ್ತದೆ. ನಿಮ್ಮ ಮೌಸಿನ ಎಡಪಕ್ಕವನ್ನು ಒಮ್ಮೆ ತಡವಿ ನೋಡಿ, ನೀವು ಇದುವರೆಗೆ ಗಮನಿಸದ ಎರಡು ಅಲ್ಲೇ ಇರಬಹುದು. ಹಿಂದಿನದನ್ನು ಇದ್ದ ಹಾಗೇ ಬಿಡಿ, ಮುಂದಿನದಕ್ಕೆ ಟ್ಯಾಬ್ ಮುಚ್ಚುವ ಕೆಲಸ ಕೊಡಿ. ಮನೆಯಲ್ಲಿ ಮೀನ ರಾಶಿಯವರಿದ್ದರೆ ಅದೂ ಬೇಡ.