ಬಡಾವಣೆಯ ಸ್ಪಿನ್ನರ್

ಚೆಂಡನ್ನು ಬೆರಳಿನಿಂದಲೋ ಮಣಿಕಟ್ಟಿನಿಂದಲೋ ತಿರುಗಿಸಿ, ಅದು ನೆಲಕ್ಕೆ ಬಿದ್ದ ಮೇಲೆ ದಿಕ್ಕು ಬದಲಿಸುವಂತೆ ಮಾಡುವ ವಿದ್ಯೆಗೆ ಸ್ಪಿನ್ ಎಂದು ಹೆಸರು. ಈ ವಿದ್ಯೆಯಲ್ಲಿ ಕರ್ನಾಟಕದ ಪರಂಪರೆ ದೊಡ್ಡದು: ಟೆಸ್ಟ್ ಪಂದ್ಯಗಳಲ್ಲಿ ಎರಪಳ್ಳಿ ಪ್ರಸನ್ನ 189, ಬಿ.ಎಸ್. ಚಂದ್ರಶೇಖರ್ 242, ಅನಿಲ್ ಕುಂಬ್ಳೆ 619 ವಿಕೆಟ್ ಪಡೆದರೆ, ಗದಗಿನಿಂದ ಬಂದ ಸುನಿಲ್ ಜೋಶಿ 1999ರಲ್ಲಿ ನೈರೋಬಿಯ ಏಕದಿನ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್ ಎಸೆದು, ಕೇವಲ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಈ ಪರಂಪರೆಯ ಮುಂದಿನ ಕೊಂಡಿ ತಾನೇ ಎಂದು ದೃಢವಾಗಿ ನಂಬಿರುವ ಒಬ್ಬ ಬೌಲರ್ ಬೆಂಗಳೂರಿನ ಪೂರ್ವದಂಚಿನ ಹೊರಮಾವಿನಲ್ಲಿ, ಭಾನುವಾರದ ಬೆಳಗಿನ ಹೊತ್ತು, ಖಾಲಿ ಸೈಟುಗಳಲ್ಲಿ ಕಾಣಸಿಗುತ್ತಾನೆ.

ಈತ ಹುಟ್ಟಿನಿಂದ ಸ್ಪಿನ್ನರ್ ಅಲ್ಲ. ಈತನನ್ನು ಸ್ಪಿನ್ನರ್ ಮಾಡಿದ್ದು ಭೂಮಾಪನ. ಪಿಚ್ಚಿನ ಉದ್ದ 22 ಗಜ, ಎಂದರೆ 66 ಅಡಿ. ಬೆನ್ನಿಗೆ ಬೆನ್ನು ಹಚ್ಚಿದ ಮೂವತ್ತು-ನಲವತ್ತರ ಎರಡು ಸೈಟುಗಳ ಉದ್ದ 80 ಅಡಿ. ಉಳಿಯುವ 14 ಅಡಿಯಲ್ಲಿ ವಿಕೆಟ್ ಕೀಪರ್ ನಿಲ್ಲಬೇಕು, ಬೌಲರ್ ಓಡಿಬರಬೇಕು. ವೇಗದ ಬೌಲರ್ ಆಗಬೇಕೆಂದು ಬಂದವನು ಎರಡು ಸಲ ಹಿಂದಿನ ಗೋಡೆಗೆ ಬೆನ್ನು ತಾಗಿಸಿಕೊಂಡ ಮೇಲೆ, ಸ್ಪಿನ್ನೇ ಬುದ್ಧಿವಂತರ ಕಲೆ ಎಂಬ ನಿರ್ಧಾರಕ್ಕೆ ಬರುತ್ತಾನೆ.

ಬ್ಯಾಟ್ಸ್‌ಮನ್ನನ ಕಣ್ಣಿನ ಮಟ್ಟಕ್ಕಿಂತ ಮೇಲೆ ಚೆಂಡನ್ನು ತೂರಿ, ಅದು ಎಲ್ಲಿ ಬೀಳುವುದೆಂಬ ಅಂದಾಜನ್ನು ತಪ್ಪಿಸುವುದು ಫ್ಲೈಟ್. ಇದು ಪ್ರಸನ್ನರ ಅಸ್ತ್ರವಾಗಿತ್ತು. ಹೊರಮಾವಿನ ಸ್ಪಿನ್ನರ್ ಕೂಡ ಚೆಂಡನ್ನು ಮೇಲೆ ತೂರುತ್ತಾನೆ, ಬ್ಯಾಟ್ಸ್‌ಮನ್ ಅದನ್ನು ಇನ್ನೂ ಮೇಲಕ್ಕೆ ಕಳಿಸುತ್ತಾನೆ. ಆದರೆ ಚೆಂಡು ನೇರವಾಗಿ ಯಾರದಾದರೂ ಮನೆಯ ಕಾಂಪೌಂಡಿಗೆ ಬಿದ್ದರೆ ಹೊಡೆದವನು ಔಟ್ ಎಂಬುದು ಗಲ್ಲಿ ಕ್ರಿಕೆಟ್ಟಿನ ಸರ್ವಮಾನ್ಯ ಶಾಸನವಾದುದರಿಂದ, ಮೂರನೆಯ ಮಹಡಿಯ ಆಂಟಿ ಕಿಟಕಿಯಿಂದ ಬೈಯಲು ಆರಂಭಿಸುವ ಹೊತ್ತಿಗೆ ಈತ ಎರಡೂ ಕೈ ಎತ್ತಿ ಸಂಭ್ರಮಿಸುತ್ತಿರುತ್ತಾನೆ. ಹಿಂದಿನ ವರ್ಷ ಲೆಗ್ ಸೈಡಿನ ಸೈಟು ಖಾಲಿ ಇದ್ದಾಗ ಸಿಕ್ಸರ್ ಆಗಿದ್ದ ಹೊಡೆತವೇ, ಅಲ್ಲಿ ಪಿಜಿ ಕಟ್ಟಡ ಎದ್ದ ಮೇಲೆ ವಿಕೆಟ್ ಆಗುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಈತನ ಲೆಕ್ಕ ಏರುತ್ತಾ ಹೋಗುತ್ತದೆ. ಬೌಲಿಂಗ್ ಇದ್ದಂತೆಯೇ ಇದೆ, ಸುಧಾರಿಸಿದ್ದು ಬಡಾವಣೆ.

ಲೆಗ್ ಸ್ಪಿನ್ನಿನ ಕೈಚಳಕದಲ್ಲೇ ಎಸೆದರೂ ಎದುರು ದಿಕ್ಕಿಗೆ ತಿರುಗುವ ಚೆಂಡಿಗೆ ಗೂಗ್ಲಿ ಎನ್ನುತ್ತಾರೆ. ಕಟ್ಟಡದವರು ಬಿಟ್ಟುಹೋದ ಜಲ್ಲಿಕಲ್ಲಿಗೆ ತಾಗಿ ಚೆಂಡು ಅಡ್ಡ ಹೋದಾಗಲೆಲ್ಲ ಈತ ಅದಕ್ಕೆ ಗೂಗ್ಲಿ ಎಂದು ನಾಮಕರಣ ಮಾಡುತ್ತಾನೆ. ತಿರುಗದೆ ನೇರ ಹೋಗಿ ಹೊಡೆತ ತಿಂದಾಗ ಮಾತ್ರ, “ಮಗಾ, ಲೆದರ್ ಬಾಲ್ ಆಗಿದ್ರೆ ಕತೆನೇ ಬೇರೆ” ಎಂದು ಟೆನಿಸ್ ಚೆಂಡಿಗೆ ಹೊಲಿಗೆ ಇಲ್ಲದಿರುವುದನ್ನು ದೂರುತ್ತಾನೆ. ಬ್ಯಾಟಿಂಗಿನಲ್ಲಿ ಸೊನ್ನೆಗೆ ಮರಳಿದರೆ, ಚಂದ್ರಶೇಖರ್ ಟೆಸ್ಟ್ ಕ್ರಿಕೆಟ್ಟಿನಲ್ಲಿ ಗಳಿಸಿದ ಒಟ್ಟು ರನ್ 167, ಅದು ಅವರ ವಿಕೆಟ್‌ಗಳಿಗಿಂತಲೂ ಕಡಿಮೆ ಎಂಬ ನಿಜಸಂಗತಿಯನ್ನು ಮುಂದಿಡುತ್ತಾನೆ. ಮಹಾಪುರುಷರೊಡನೆ ಈತನಿಗಿರುವ ನಿರ್ವಿವಾದ ಸಾಮ್ಯ ಇದೊಂದೇ.

ಯಾವ ಬ್ಯಾಟ್ಸ್‌ಮನ್ನನಿಂದಲೂ ಆಗದ ಕೆಲಸವನ್ನು ಕೊನೆಗೆ ಸೈಟಿನ ಮಾಲೀಕ ಗುದ್ದಲಿ ಪೂಜೆಯ ಮೂಲಕ ಸಾಧಿಸುತ್ತಾನೆ: ಸ್ಪಿನ್ನರ್ ನಿವೃತ್ತನಾಗುತ್ತಾನೆ. ಆಮೇಲೆ ಗೆಳೆಯರು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕಟ್ಟಿ, ಸುತ್ತಲೂ ಬಲೆ ಬಿಗಿದ ಟರ್ಫ್ ಮೈದಾನಕ್ಕೆ ಕರೆದೊಯ್ದರೆ, ಅಲ್ಲಿ ಕಾಂಪೌಂಡೂ ಇಲ್ಲ, ಆಂಟಿಯೂ ಇಲ್ಲ. ಮೇಲೆ ತೂರಿದ ಚೆಂಡೆಲ್ಲ ಬಲೆಗೆ ಬಡಿದು ರನ್ನಾಗುತ್ತದೆ, ಎರಡನೆಯ ಓವರಿಗೆ ಈತನನ್ನು ಯಾರೂ ಕರೆಯುವುದಿಲ್ಲ. ಸ್ಪಿನ್ ಬೌಲಿಂಗಿಗೆ ಬೆರಳು, ಮಣಿಕಟ್ಟು, ತಾಳ್ಮೆ ಈ ಮೂರು ಬೇಕೆಂದು ಬಲ್ಲವರು ಹೇಳುತ್ತಾರೆ; ಹೊರಮಾವಿನ ಮಟ್ಟಿಗೆ ನಾಲ್ಕನೆಯದಾಗಿ ಪಕ್ಕದ ಮನೆಯನ್ನೂ ಸೇರಿಸಿಕೊಳ್ಳತಕ್ಕದ್ದು.